ರಸ್ತೆಗಿಳಿಯದೆ ಬರೆದ ಹಾಳೆ

ದಡಕ್. ಅದರ ಬೆನ್ನಿಗೇ ರಬ್ಬರಿನ ಸಣ್ಣ ಕೀರಲು. ಸೇತುವೆಯ ತಿರುವಿನಲ್ಲಿ, ಕಾಂಕ್ರೀಟಿನ ನಡುವೆ ಕೂರಿಸಿದ ಕಬ್ಬಿಣದ ಪಟ್ಟಿಯನ್ನು ಹಾಯುವಾಗ ಹೊಸ ಕಾರಿನ ಹಿಂಬದಿ ಒಂದು ಗೇಣು ಪಕ್ಕಕ್ಕೆ ಜಿಗಿಯಿತು. ಭಾವ ಸ್ಟೀರಿಂಗನ್ನು ಮೆಲ್ಲಗೆ ತಿದ್ದಿದರು. ವೇಗ ನಲವತ್ತೈದು. ತಿರುಗಿ ಬಂದು ಇನ್ನೊಮ್ಮೆ ಹಾಯ್ದರು. ಮತ್ತೆ ಅದೇ.

ಕಾರು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವರ ಕೆಲಸ ಇದೇ: ಹೊಸ ಮಾದರಿಯನ್ನು ಓಡಿಸಿ, ಅದು ಎಷ್ಟು ಮಾತು ಕೇಳುತ್ತದೆಂದು ಬರೆಯುವುದು. ಅಲ್ಲಿ ಮೆಕ್ಯಾನಿಕ್ ಆಗಿದ್ದವನು ಅವರ ಹೆಂಡತಿಯ ತಮ್ಮ. ಅವನು ಭಾವ ಎಂದು ಕರೆದದ್ದೇ ತಡ, ಇಡೀ ಕಾರ್ಖಾನೆಗೆ ಅವರು ಭಾವ ಆದರು. "ಇಷ್ಟು ಜನ ಭಾಮೈದರನ್ನ ನಮ್ಮ ಅತ್ತೆ ಯಾವಾಗ ಹೆತ್ರೋ" ಎಂದು ಅವರೇ ನಗುತ್ತಿದ್ದರು.

ಪರೀಕ್ಷೆ ಎರಡು ಬಗೆ. ಟ್ರ್ಯಾಕಿನಲ್ಲಿ ಒಬ್ಬರೇ, ಕನ್ನಡಿಯಂಥ ಡಾಂಬರಿನ ಮೇಲೆ, ಗಡಿಯಾರದೊಂದಿಗೆ ಪೈಪೋಟಿ. ರಸ್ತೆಯಲ್ಲಾದರೆ ಹಿಂದಿನ ಸೀಟಿಗೆ ಮೂರು, ಡಿಕ್ಕಿಗೆ ಎರಡು ಮರಳಿನ ಮೂಟೆ ಹೇರಿಕೊಂಡು, ಶಾಲೆಯ ಮುಂದಿನ ಹಂಪ್, ಮಾರುಕಟ್ಟೆಯ ಗುಂಡಿಗಳು, ಕೊನೆಗೆ ಈ ಸೇತುವೆ. ಆ ಮೂಟೆಗಳಿಗೆ 'ಬೀಗರು' ಎಂದು ಹೆಸರಿಟ್ಟವನು ಮೆಕ್ಯಾನಿಕ್ಕೇ.

"ಬೀಗರು ಏನಂದ್ರು ಭಾವ?" ಗೇಟಿನ ಕಾವಲುಗಾರ ಎಂದಿನಂತೆ ಕೇಳಿದ.

"ಹೆದರಿದಾರೆ ಕಣೋ" ಎಂದರು ಭಾವ. ನಗಲಿಲ್ಲ.

ನಾಲ್ಕು ವರ್ಷದ ಹಿಂದೆ ಪೈಪು ಹಾಕಲು ಈ ರಸ್ತೆಯನ್ನು ಎರಡು ವಾರ ಅಗೆದು ಮುಚ್ಚಿದ್ದರು. ಆಗಿನ ಹೊಸ ಮಾದರಿ ಗೊತ್ತುಪಡಿಸಿದ ದಿನಕ್ಕೆ ಮಾರಾಟಕ್ಕೆ ಹೊರಡಲೇಬೇಕಿತ್ತು. ಟ್ರ್ಯಾಕಿನಲ್ಲಿ ಅದನ್ನು ಓಡಿಸುವುದೇ ಒಂದು ಸುಖ. ತಿರುವಿಗೆ ತಾನಾಗಿಯೇ ಒರಗಿಕೊಳ್ಳುತ್ತಿತ್ತು. ಅಲ್ಲಿ ಇಷ್ಟು ಚೆನ್ನಾಗಿರುವುದು ರಸ್ತೆಯಲ್ಲಿ ಕೆಡುವುದುಂಟೆ ಎಂದುಕೊಂಡು, ಭಾವ ರಸ್ತೆ ಪರೀಕ್ಷೆಯ ಹಾಳೆಯನ್ನೂ ಮೇಜಿನ ಮುಂದೆ ಕೂತೇ ತುಂಬಿದರು. ಸೇತುವೆಯ ತಿರುವು: ಸರಿ.

ಭಾವನ ಮಾತು ನಂಬಿ ಮೆಕ್ಯಾನಿಕ್ ಅದನ್ನೇ ಕೊಂಡ. ಮನೆ ಬದಲಾಯಿಸುವ ದಿನ ಹಾಸಿಗೆ, ಪಾತ್ರೆ, ಅಕ್ಕಿಯ ಡಬ್ಬ ಎಲ್ಲವನ್ನೂ ಹಿಂದೆ ತುರುಕಿಕೊಂಡು ಹೊರಟವನು ಈ ತಿರುವಿನಲ್ಲೇ ತಡೆಗೋಡೆಗೆ ಬಡಿದು ಸತ್ತ. ಅತಿ ವೇಗ ಎಂದು ಪೊಲೀಸರು ಬರೆದುಕೊಂಡರು. ಮರುವಾರ ಭಾವ ಅಂಥದೇ ಕಾರಿಗೆ ಮೂಟೆ ಹೇರಿ ಅಲ್ಲಿ ಹಾಯ್ದಾಗ ಹಿಂಬದಿ ಜಿಗಿದು ಎಲ್ಲವೂ ಅರ್ಥವಾಯಿತು. ಯಾರಿಗೂ ಹೇಳಲಿಲ್ಲ. ಆ ಮಾದರಿ ಬಿಕರಿಯಾಗದೆ ಆರು ತಿಂಗಳಿಗೇ ನಿಂತುಹೋದದ್ದು ಅವರ ಮೌನಕ್ಕೆ ಒಂದು ನೆವವಾಯಿತು.

ಹೆಂಡತಿ ಅದೇ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಸೀಟಿನ ಕವರು ಹೊಲಿಯುತ್ತಾಳೆ. ತಮ್ಮನ ಮೇಲಿನ ಅವಳ ಸಿಟ್ಟು ಆರಿಲ್ಲ. ಅವನ ಫೋಟೋವನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಗೆ ಹಾಕಿದ್ದಾಳೆ. "ಏನು ಅವಸರ ಇತ್ತೂಂತೀನಿ ಅವನಿಗೆ? ಹೊಸ ಮನೆ ಏನು ಓಡಿಹೋಗ್ತಿತ್ತಾ?" ಎಂದು ಬೈಯುತ್ತ ಅನ್ನ ಬಡಿಸುವಾಗ ಭಾವ ತಟ್ಟೆ ನೋಡುತ್ತ ಕೂರುತ್ತಿದ್ದರು.

"ಈ ವರ್ಷ ಟ್ರ್ಯಾಕಲ್ಲಿ ಎಲ್ಲಕ್ಕಿಂತ ಒಳ್ಳೆ ಟೈಮು ಇದರದ್ದೇ ಭಾವ" ಎಂದಳು ಮಹಡಿಯ ಕಚೇರಿಯಲ್ಲಿ ಹೊಸ ಕಾರಿನ ವರದಿಗೆ ಕಾದಿದ್ದ ಕಿರಿಯ ಇಂಜಿನಿಯರ್.

"ಸಂಸಾರ ಕಟ್ಕೊಂಡು ಟ್ರ್ಯಾಕಿಗೆ ಯಾರು ಹೋಗ್ತಾರೆ ಮೇಡಂ?"

ಅವಳು ಹಳೆಯ ಫೈಲು ಬಿಚ್ಚಿದಳು. "ಇದರ ಹಿಂಬದಿ ಸ್ಪ್ರಿಂಗು ಆ ಹಳೇ ಮಾದರೀದೇ. ಇದೇ ಸೇತುವೆಗೆ ಆಗ ನೀವೇ ಸರಿ ಅಂತ ಬರೆದಿದೀರಿ. ಈಗ ಜಿಗಿಯತ್ತೆ ಅಂತೀರಿ. ಮೇಲಿನವರಿಗೆ ನಾನು ಯಾವುದನ್ನ ತೋರಿಸ್ಲಿ?" ದನಿಯಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದಳು.

ತಮ್ಮದೇ ದುಂಡನೆಯ ಅಕ್ಷರ. ಭಾವ ಪೆನ್ನು ತೆಗೆದುಕೊಂಡು ಹೊಸ ಹಾಳೆಯಲ್ಲಿ ಬರೆದರು: 'ತುಂಬಿದ ಕಾರು, ವೇಗ ನಲವತ್ತೈದು. ಹಿಂಬದಿ ಜಿಗಿಯುತ್ತದೆ. ಹಳೆಯ ಮಾದರಿಯೂ ಜಿಗಿಯುತ್ತಿತ್ತು. ಆ ಹಾಳೆಯನ್ನು ನಾನು ರಸ್ತೆಗಿಳಿಯದೆ ಬರೆದೆ. ಮೆಕ್ಯಾನಿಕ್ ಸತ್ತದ್ದು ಅವನ ತಪ್ಪಿನಿಂದಲ್ಲ.' ಕೆಳಗೆ ಸಹಿ ಹಾಕಿದರು.

ಓದಿ ಅವಳು ಹಾಳೆಯನ್ನು ಅವರತ್ತಲೇ ಸರಿಸಿದಳು. "ಭಾವ, ಇದನ್ನ ಹೀಗೇ ಕಳಿಸಿದ್ರೆ ನಿಮ್ಮ ಕೆಲಸ ಹೋಗತ್ತೆ."

"ಹೋಗ್ಲಿ."

"ಹಳೇದರ ವಿಷಯ ಹೊಡೆದುಹಾಕಿ. ಹೊಸದು ಸರಿಯಿಲ್ಲ ಅಂದ್ರೆ ಸಾಕಲ್ವಾ? ಹೋದವನು ಹೋದ."

"ಹೋದವನನ್ನ ನಮ್ಮನೆಯವಳು ನಾಲ್ಕು ವರ್ಷದಿಂದ ಬೈತಿದಾಳೆ ಮೇಡಂ. ಒಡಹುಟ್ಟಿದವಳು. ಸಂಜೆಯೊಳಗೆ ಈ ಹಾಳೆ ಸುದ್ದಿ ಅವಳ ಮೆಷಿನ್ನಿನ ತನಕ ಹೋಗತ್ತೆ. ಬೇರೆಯವರ ಬಾಯಿಂದ ಕೇಳಬಾರದು."

"ಸಮಯ ನೋಡಿ ನಿಧಾನಕ್ಕೆ ಹೇಳಿದ್ರಾಯ್ತು. ಮೊದಲು ಕೂತ್ಕೊಳ್ಳಿ, ನೀರು ಕುಡೀರಿ. ಟ್ರ್ಯಾಕಿಗೇ ಒಂದು ಕಬ್ಬಿಣದ ಪಟ್ಟಿ ಹಾಕಿಸೋಣ, ಮೂಟೆನೂ ಹೇರೋಣ, ಅಲ್ಲಿ ಇನ್ನೊಂದು ಸಲ ನೀವು..."

ಅವಳ ಮಾತು ಇನ್ನೂ ನಡೆದಿತ್ತು. ಭಾವ ಮೆಟ್ಟಿಲಿಳಿದು, ಅಂಗಳ ದಾಟಿ, ಹೊಲಿಗೆ ವಿಭಾಗದ ಕಡೆ ನಡೆಯುತ್ತಿದ್ದರು.