ದುರುಗವ್ವ ಹೇಳದ ಹೆಸರು

ಚೀಕಲಪರ್ವಿಯಲ್ಲಿ ದುರುಗವ್ವನ ಕೇರಿಯವರು ಹೊಳೆಗೆ ಹೋಗುತ್ತಿದ್ದ ದಾರಿಯನ್ನು ಮುಚ್ಚಿಸಿದವನು ನಾನು. ಬೇಲಿ ಹಾಕಿದ ಕೈ ಬೇರೆಯವರದು. ಹಾಕಬಹುದೆಂದು ನ್ಯಾಯಾಲಯದಿಂದ ಹೇಳಿಸಿದ ನಾಲಿಗೆ ನನ್ನದು. ಆ ದಾರಿ ಅವರದೇ ಎಂದು ನನಗೆ ಗೊತ್ತಿತ್ತು — ಚೆನ್ನಾಗಿಯೇ ಗೊತ್ತಿತ್ತು.

ನನ್ನ ಅಪ್ಪ ಆ ಊರಿನ ಶಾಲೆಯಲ್ಲಿ ಮಾಸ್ತರು. ಅವ್ವನಿಗೆ ಸದಾ ಕಾಯಿಲೆ, ಹಾಸಿಗೆ ಬಿಟ್ಟು ಏಳುತ್ತಿದ್ದುದೇ ಅಪರೂಪ. ಕೂಲಿ ಮಾಡುತ್ತಿದ್ದ ದುರುಗವ್ವ ನಮ್ಮ ಅಂಗಳ ಗುಡಿಸಲು ಬಂದವಳು ನನ್ನನ್ನೂ ಎತ್ತಿಕೊಂಡು ಹೋಗುತ್ತಿದ್ದಳು. ನೆರೆಯವರು ಮೈಲಿಗೆ ಎಂದು ಗೊಣಗುತ್ತಿದ್ದರು. ಅಪ್ಪ ಕಿವುಡನಂತೆ ಇದ್ದುಬಿಡುತ್ತಿದ್ದ. ಅವಳ ತಲೆಯ ಮೇಲೆ ಕೊಡ, ಸೊಂಟದ ಮೇಲೆ ನಾನು. ಗೌಡರ ಹೊಲದ ಬದುವಿನ ಮೇಲೆ ಹಾದರೆ ತುಂಗಭದ್ರೆ. "ಸಣ್ಣ ಮಾಸ್ತರ, ತುಂಬಿದ ಕೊಡಕ್ಕಿಂತ ನೀನ ವಜ್ಜ ಅದಿ ಬಿಡು" ಎಂದು ಬೈಯುತ್ತಿದ್ದಳು, ಕೆಳಗೆ ಮಾತ್ರ ಇಳಿಸುತ್ತಿರಲಿಲ್ಲ. ಆ ಬದುವಿನ ಮೇಲೆ ಅವಳನ್ನು ಯಾರೂ ತಡೆದದ್ದನ್ನು ನಾನು ಕಾಣಲಿಲ್ಲ.

ಎಪ್ಪತ್ತರ ದಶಕಕ್ಕೆ ನಾನು ರಾಯಚೂರಿನಲ್ಲಿ ಅಪೀಲು ವಕೀಲನೆಂದು ಹೆಸರು ಮಾಡಿದ್ದೆ. ಮಾನ್ವಿಯಲ್ಲಿ, ದೇವದುರ್ಗದಲ್ಲಿ ಸೋತವರು ಬಸ್ಸು ಹತ್ತಿ ನೇರ ನನ್ನ ಬಳಿಗೆ ಬರುತ್ತಿದ್ದರು. ಭಾನುವಾರ ದೇವದುರ್ಗದಲ್ಲೋ ಗಬ್ಬೂರಿನಲ್ಲೋ ಬಡವರಿಗೆ ಪುಕ್ಕಟೆ ಸಲಹೆ. ರಾಯಚೂರಿನಲ್ಲಿ ಕೂಲಿಕಾರರ ಮಕ್ಕಳಿಗೊಂದು ವಸತಿ ನಿಲಯವನ್ನೂ ನಡೆಸುತ್ತಿದ್ದೆ. ಬಡವರ ವಕೀಲ ಎಂದು ಯಾರಾದರೂ ಹೊಗಳಿದರೆ, ಬೇಡ ಬೇಡ ಎನ್ನುತ್ತಲೇ ಇನ್ನೊಮ್ಮೆ ಹೇಳಲಿ ಎಂದು ಕಾಯುವವನು ನಾನು.

ವಸತಿ ನಿಲಯಕ್ಕೆ ಅಕ್ಕಿ ಕೊಡುತ್ತಿದ್ದವರು ಮಾನ್ವಿಯ ಗಿರಣಿ ಸಾಹುಕಾರರು. ಗೌಡರ ಹೊಲವನ್ನು ಅವರು ಕೊಂಡರು, ದಾರಿಗೆ ಬೇಲಿ ಹಾಕಿದರು. ಕೇರಿಯವರು ಮಾನ್ವಿಯ ಕೋರ್ಟಿಗೆ ಹೋಗಿ ಗೆದ್ದರು. ಸಾಹುಕಾರರು ಅಪೀಲಿಗೆಂದು ನನ್ನಲ್ಲಿಗೆ ಬಂದಾಗ ಒಪ್ಪಿಕೊಂಡೆ. ಹುಡುಗರ ಅನ್ನಕ್ಕಾಗಿ ಎಂದುಕೊಂಡೆ... ಇಲ್ಲ, ಆ ಮಾತು ಇಲ್ಲಿ ಬೇಡ. ಅನ್ನಕ್ಕೆ ಬೇರೆ ಮನೆಗಳಿದ್ದವು, ನಾನು ಕೇಳಲಿಲ್ಲ.

ಅಪೀಲಿನಲ್ಲಿ ಹೊಸದಾಗಿ ಸಾಕ್ಷಿ ಕರೆಯುವುದು ಬಲು ಅಪರೂಪ. ಕೆಳಗಿನ ಕೋರ್ಟಿನಲ್ಲಿ ಬರೆದುಕೊಂಡದ್ದರೊಳಗೆ ಎಲ್ಲಿ ಸಡಿಲವಿದೆ ಎಂದು ಹುಡುಕುವುದೇ ನಮ್ಮ ಕಸುಬು. ಓದುತ್ತ ಓದುತ್ತ ದುರುಗವ್ವನ ಹೇಳಿಕೆಗೆ ಬಂದೆ. ನೀವು ಈ ದಾರಿಯಲ್ಲಿ ಹಿಂದಿನಿಂದಲೂ ನಡೆದದ್ದನ್ನು ಕಂಡವರು, ನಿಮ್ಮ ಕೇರಿಯ ಹೊರಗಿನವರು, ಯಾರಾದರೂ ಇದ್ದಾರೆಯೇ ಎಂದು ಸಾಹುಕಾರರ ಅಲ್ಲಿನ ವಕೀಲರು ಅವಳನ್ನು ಕೇಳಿದ್ದರು. ಯಾರೂ ಇಲ್ಲ ಎಂದಿದ್ದಳು.

ನಾನಿದ್ದೆ. ನಾನಿರುವುದು ಅವಳಿಗೂ ಗೊತ್ತಿತ್ತು. ಕೇಸನ್ನು ಆಗಲೇ ಸಾಹುಕಾರರಿಗೆ ಮರಳಿಸಿ ಅವಳ ಪರ ಸಾಕ್ಷಿ ಹೇಳಲು ಹೋಗಬಹುದಿತ್ತು. ನಾನು ಮಾಡಿದ್ದೇನೆಂದರೆ — ಆ ಉತ್ತರದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ.

ಜಿಲ್ಲಾ ನ್ಯಾಯಾಧೀಶರ ಮುಂದೆ ಅದನ್ನೇ ಹಿಡಿದು ವಾದಿಸಿದೆ. ಸಾಕ್ಷಿಗಳೆಲ್ಲ ಒಂದೇ ಕೇರಿಯವರು, ಹೊರಗಿನವನೊಬ್ಬನೂ ಈ ದಾರಿ ಕಂಡಿಲ್ಲ, ಅವರ ಮುದುಕಿಯೇ ಒಪ್ಪಿದ್ದಾಳೆ ಎಂದೆ. ಮುದುಕಿ ಎಂದೆ, ಹೆಸರು ಹೇಳಲಿಲ್ಲ. ಅವಳು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ನನ್ನದು ಒಮ್ಮೆಯೂ ತಡವರಿಸಲಿಲ್ಲ.

ತೀರ್ಪು ನಮ್ಮ ಕಡೆಗೆ ಬಂದ ದಿನ ಅವಳು ಕೋರ್ಟಿನ ಅಂಗಳದಲ್ಲಿ ನನಗಾಗಿ ಕಾದು ನಿಂತಿದ್ದಳು. ಶಾಪ ಹಾಕುತ್ತಾಳೆಂದುಕೊಂಡು ಹತ್ತಿರ ಹೋದೆ.

"ಭಾಳ ಸೊರಗೀದಿಯಲ್ಲೋ ಯಪ್ಪಾ. ಹೊತ್ತಿಗಿ ಸರಿಯಾಗಿ ಉಣ್ಣತಿಯೋ ಇಲ್ಲೋ?"

ನನಗೆ ತಡೆಯಲಾಗಲಿಲ್ಲ. "ಯವ್ವಾ, ಮಾನ್ವಿ ಕೋರ್ಟಿನ್ಯಾಗ ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದು ಕೇಳಿಬಿಟ್ಟೆ.

"ಹೆಂಗ ಹೇಳ್ಲಿ? ಕಟಕಟಿಯಾಗ ನಿಂದ್ರಿಸಿ ಬಾಯಿಗಿ ಬಂದಂಗ ಕೇಳ್ತಾರ ಅವ್ರು. ಓದಿ ದೊಡ್ಡಾಂವ ಆಗೀದಿ. ನಾ ಎತ್ತಿ ಆಡಿಸಿದ ಕೂಸಿನ್ನ ಅಲ್ಲಿ ನಿಂದ್ರಸಾಕ ನನಗ ಮನಸಾಗಲಿಲ್ಲ."

ನನ್ನ ಮಾನ ಉಳಿಸಲು ಅವಳು ಹೆಸರು ಹೇಳದೆ ಬಿಟ್ಟ ಜಾಗದಲ್ಲೇ ನಾನು ಅವಳನ್ನು ಹೊಡೆದಿದ್ದೆ. ಅದನ್ನು ಹೇಳಲು ಬಾಯಿ ತೆರೆದೆ — "ಕಾಯ್ದೆ ಹಂಗದ ಯವ್ವಾ" ಎಂಬ ಮಾತು ಬಂತು. ಅವಳು ನಂಬಿದಳು. ಕಾಯ್ದೆಯನ್ನಲ್ಲ, ನನ್ನನ್ನು.

ಕೇರಿಯ ಹೆಂಗಸರು ಅಂದಿನಿಂದ ಊರು ಸುತ್ತಿ ಹೊಳೆಗೆ ಹೋದರು. ಎಂಬತ್ತರ ದಶಕದಲ್ಲಿ ವಸತಿ ನಿಲಯಕ್ಕೆ ಸ್ವಂತ ಕಟ್ಟಡವಾಯಿತು, ನನಗೆ ಸನ್ಮಾನವಾಯಿತು. ದುರುಗವ್ವ ಮೊಣಕಾಲು ಹಿಡಿದುಕೊಂಡೇ ಬಂದಿದ್ದಳು. ಪಕ್ಕದವರಿಗೆಲ್ಲ ನಮ್ಮ ಹುಡುಗ ಎಂದು ನನ್ನನ್ನು ತೋರಿಸುತ್ತಿದ್ದಳಂತೆ. ಮೈಕು ನನ್ನ ಕೈಯಲ್ಲಿತ್ತು. ಅವಳ ಹೆಸರೊಂದನ್ನು ಬಿಟ್ಟು ಎಲ್ಲರಿಗೂ ವಂದನೆ ಹೇಳಿ ಕುಳಿತೆ. ಹೆತ್ತವಳಿಗಿಂತ ಹೆಚ್ಚಾಗಿ ಅವಳನ್ನು ಪ್ರೀತಿಸಿದೆ ಎಂದು ಬರೆದರೆ ಸುಳ್ಳಲ್ಲ. ಬರೆಯಲು ನಾಚಿಕೆಯಾಗುತ್ತದೆ, ಅಷ್ಟೆ.

ದುರುಗವ್ವ ಈಗಿಲ್ಲ. ಕೇಸನ್ನು ಮತ್ತೆ ತೆರೆಯುವ ಕಾಲವೂ ಎಂದೋ ಮುಗಿಯಿತು. ಈ ಸೋಮವಾರ ಸಾಹುಕಾರರ ಮಗನನ್ನೂ ದುರುಗವ್ವನ ಮಗಳು ಹುಲಿಗೆಮ್ಮನನ್ನೂ ಆ ಬೇಲಿಯ ಬಳಿಗೆ ಕರೆದಿದ್ದೇನೆ. ದುರುಗವ್ವ ಹೇಳದೆ ಬಿಟ್ಟ ಸಾಕ್ಷಿ ನಾನೇ ಎಂದು ಕೇರಿಯವರೆದುರು ಹೇಳುತ್ತೇನೆ. ಅವನು ದಾರಿ ಬಿಡಬಹುದು, ಬಿಡದಿರಬಹುದು. ಹುಲಿಗೆಮ್ಮ ನನ್ನ ಮುಖಕ್ಕೆ ಉಗುಳಿದರೆ ತಡೆದುಕೊಂಡೇನು. ಆದರೆ ಆ ತಾಯಿಯ ಮಗಳಲ್ಲವೇ — "ಇರಲಿ ಬಿಡ್ರೀ ಅಣ್ಣಾ" ಎಂದುಬಿಟ್ಟರೆ ನಾನು ಎಲ್ಲಿ ನಿಲ್ಲಲಿ?