ಒಂದು ಮಾಲೆ ಎಂದರೆ ಎಷ್ಟು ನಿಮಿಷ

ಮಗಳಿಗೆ ಫಿಟ್ಸ್ ಬಂದರೆ ಮೂಗಿಗೆ ಹೊಡೆಯಲೆಂದು ಯಾದಗಿರಿಯ ಡಾಕ್ಟರಮ್ಮ ಔಷಧ ಕೊಟ್ಟಿದ್ದರು. ಐದು ನಿಮಿಷವಾದರೂ ಸೆಳೆತ ನಿಲ್ಲದಿದ್ದರೆ ಮಾತ್ರ ಕೊಡಬೇಕು. ಐದು ನಿಮಿಷ ಎಷ್ಟೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಶಿವನಾಮ ಹೇಳುತ್ತಾ ರುದ್ರಾಕ್ಷಿ ಮಾಲೆಯನ್ನು ಒಂದು ಸುತ್ತು ತಿರುಗಿಸಿದರೆ ಐದು ನಿಮಿಷ. ಅನ್ನ ಬೇಯುವುದನ್ನೂ ಅದರಿಂದಲೇ ಅಳೆದವಳು ನಾನು.

ಮೊದಲ ಸಲ ಹಾಗೆಯೇ ಮಾಡಿದೆ. ಮಾಲೆ ಮುಗಿಯಿತು, ಔಷಧ ಹೊಡೆದೆ. ಮುಂದಿನ ವಾರ ಡಾಕ್ಟರಮ್ಮ ಕೇಳಿದರು.

"ಎಷ್ಟು ನಿಮಿಷ ಆಗಿತ್ರಿ?"

"ಒಂದು ಮಾಲಿ ಆಗಿತ್ರಿ."

"ಅವತ್ತು ಹೆಂಗ ಮಾಡಿದ್ರಿ, ಇಲ್ಲಿ ಹಂಗ ಮಾಡ್ರಿ ನೋಡೋಣು."

ಮಾಡಿದೆ. ಅವರು ಮೊಬೈಲ್ ತೋರಿಸಿದರು. ಎರಡು ನಿಮಿಷವೂ ಆಗಿರಲಿಲ್ಲ. ಅಂಜಿಕೆಯಲ್ಲಿ ನಾಲಿಗೆ ಓಡಿಬಿಟ್ಟಿತ್ತು.

"ದೇವರ ಹೆಸರು ತಗೋರಿ, ಬ್ಯಾಡ ಅನ್ನಂಗಿಲ್ಲ. ಟೈಮ್ ಮಾತ್ರ ಗಡಿಯಾರದಾಗ ನೋಡ್ರಿ. ಔಷಧ ಹೊಡೆದ ಮ್ಯಾಲ ಎಚ್ಚರ ಆಗೋತನ ಉಸಿರು ನೋಡ್ಕೋತ ಕುಂದರ್ರಿ. ಉಸಿರು ಕಡಿಮಿ ಆದ್ರ, ಸೆಳೆತ ನಿಲ್ಲಲಿಲ್ಲಂದ್ರ ಆಂಬುಲೆನ್ಸ್ ಕರೀರಿ."

ಎರಡನೆಯ ಸಲ ಬಂದದ್ದು ಶಹಾಪುರದ ನಮ್ಮ ಮನೆಯಲ್ಲಿ, ಮಧ್ಯಾಹ್ನ, ನಾನು ರೊಟ್ಟಿ ಬಡಿಯುವಾಗ. ಮನೆಯವರು ಕಡೇಚೂರಿನ ಫ್ಯಾಕ್ಟರಿಯಲ್ಲಿದ್ದರು, ಡ್ಯೂಟಿಯಲ್ಲಿ ಫೋನ್ ಎತ್ತುವಂತಿಲ್ಲ. ಮಗಳು ಒಲೆಯಿಂದ ದೂರ, ಚಾಪೆಯ ಮೇಲೆ ಬಿದ್ದಳು. ಅದೂ ಶಿವನ ದಯೆಯೇ. ಗಡಿಯಾರ ನೋಡಿದೆ, ಹಂಚಿನ ಮೇಲಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಗ್ಯಾಸ್ ಆರಿಸಿದೆ, ಅವಳನ್ನು ಮಗ್ಗುಲಿಗೆ ಹೊರಳಿಸಿದೆ.

ಎದುರು ಮನೆಯಾಕೆ ಕೀಲಿ ಗೊಂಚಲು ಹಿಡಿದು ಬಾಗಿಲಿಗೆ ಬಂದರು.

"ಕೈಯಾಗ ಕಬ್ಬಿಣ ಹಿಡಸವಾ! ಬಾಯಾಗ ನೀರರ ಹಾಕು!"

"ಬ್ಯಾಡ್ರಿ ಯಕ್ಕಾ, ನೀರು ಉಸಿರಿಗೆ ಸಿಕ್ಕೊಂತದ. ಒಳಗ ಬರ್ರಿ, ನನ್ನ ಜೋಡಿ ಕುಂದರ್ರಿ, ಸಾಕು."

"ನನಗ ನೋಡಾಕ ಆಗಂಗಿಲ್ಲವಾ."

ಕೀಲಿಯನ್ನು ಹೊಸ್ತಿಲ ಮೇಲಿಟ್ಟು ಹೋಗಿಯೇಬಿಟ್ಟರು.

ಉಳಿದವರು ಗಡಿಯಾರ ಮತ್ತು ನಾನು. ಮುಳ್ಳು ಅಷ್ಟು ನಿಧಾನ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂರು ನಿಮಿಷವಾಯಿತು. ನಾಲ್ಕಾಯಿತು. ಕೈಯಲ್ಲಿದ್ದ ಔಷಧದ ಬಾಟಲಿ ಬೆವರಿಗೆ ಜಾರುತ್ತಿತ್ತು. ಐದಕ್ಕೆ ಸರಿಯಾಗಿ, ಡಾಕ್ಟರಮ್ಮ ಬರೆದುಕೊಟ್ಟಷ್ಟೇ ಹೊಡೆದೆ. ಸ್ವಲ್ಪ ಹೊತ್ತಿಗೆ ಕಾಲು ಸಡಿಲವಾದವು, ಆಮೇಲೆ ಕೈ.

ಆಗ ಮಾಲೆ ತೆಗೆದುಕೊಂಡೆ. ಈ ಸಲ ಅದನ್ನು ನನ್ನ ನಾಲಿಗೆಯ ಓಟಕ್ಕೆ ಬಿಡಲಿಲ್ಲ. ಅವಳ ಎದೆ ಒಮ್ಮೆ ಏರಿ ಇಳಿದರೆ ಒಂದು ಮಣಿ. ಎಷ್ಟು ಸುತ್ತಾಯಿತೋ, ಯಾರೂ ಬಾಗಿಲಲ್ಲಿ ಇಣುಕಲಿಲ್ಲ.

ಕೊನೆಗೆ ಅವಳು ಕಣ್ಣು ಬಿಟ್ಟು ಮೂಗು ಅರಳಿಸಿದಳು.

"ಯವ್ವಾ, ರೊಟ್ಟಿ ಹೊತ್ತಿಸೀಯೇನು?"

"ಹೂನವಾ, ಹೊತ್ತಿಸೀನಿ," ಎಂದೆ. ಮನೆಯಲ್ಲಿ ಮತ್ತೆ ಇಬ್ಬರಾದೆವು.