ಏಳು ಊರಿಗೆ ಒಂದೇ ಮೂಗು

ಸರ್ಕಾರಿ ಕಡತದ ಪ್ರಕಾರ ಆ ಹೊಸ ರೂಪಾಂತರಿ ವೈರಾಣು ನಮ್ಮ ಸೀಮೆಯಲ್ಲಿ ಮೊದಲು ಕಾಣಿಸಿಕೊಂಡದ್ದು ಏಳು ಊರುಗಳ ಏಳು ಜನರಲ್ಲಿ, ಒಂದೇ ದಿನ. ನಿಜದಲ್ಲಿ ಅದು ಕಾಣಿಸಿಕೊಂಡದ್ದು ಒಬ್ಬನ ಮೂಗಿನಲ್ಲಿ. ಸದರಿ ಮೂಗಿನ ಮಾಲೀಕ ಇಂದಿಗೂ ಹಳೇಬೀಡಿನಲ್ಲಿ, ಕೆರೆಯ ಕಡೆಯ ಒಂದು ಬೀದಿಯಲ್ಲಿ ಕ್ಷೇಮವಾಗಿದ್ದಾನೆ. ಕಡತವೂ ಕ್ಷೇಮವಾಗಿದೆ. ಕೆಟ್ಟಿರುವುದು ನನ್ನ ರಕ್ತದೊತ್ತಡ ಮಾತ್ರ. ಇದನ್ನು ಬರೆಯಲು ಕೂತ ಮೇಲೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ.

ನಾನು ಅರಸೀಕೆರೆಯವನು. ಹೆಚ್ಚುಕಡಿಮೆ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ತಂತ್ರಜ್ಞನಾಗಿದ್ದೆ. ಜನರ ಬಾಯಲ್ಲಿ ಹೇಳುವುದಾದರೆ, ‘ರಕ್ತ ಪರೀಕ್ಷೆಯೋರು’. ಮಲೇರಿಯಾದ ಗಾಜು, ಕ್ಷಯದ ಕಫ, ಬಸುರಿಯರ ರಕ್ತ, ಇದೇ ನನ್ನ ಪ್ರಪಂಚ. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: “ಗಾಜಿನ ಮೇಲೆ ಇರೋದು ರಕ್ತ ಅಲ್ಲ ಕಣಯ್ಯ, ಒಬ್ಬ ಮನುಷ್ಯ. ಒಂದು ಗಾಜು, ಒಂದು ನಂಬರು, ಒಬ್ಬ ಮನುಷ್ಯ. ಇದು ತಪ್ಪೋ ಹಂಗಿದ್ರೆ ಮೈಕ್ರೋಸ್ಕೋಪನ್ನ ಎತ್ತಿ ಬಾವಿಗೆ ಹಾಕಿ ಮನೆಗೆ ಹೋಗು.” ಇಪ್ಪತ್ತೆಂಟು ವರ್ಷ ನಾನು ಬಾವಿಯ ಕಡೆ ತಿರುಗಿಯೂ ನೋಡುವ ಪ್ರಸಂಗ ಬರಲಿಲ್ಲ.

ಆಮೇಲೆ ‘ಗುರಿ’ ಬಂತು.

ಆಗ ನಾನಿದ್ದ ಆಸ್ಪತ್ರೆ ಅರಸೀಕೆರೆಗೂ ಬೇಲೂರಿಗೂ ನಡುವೆ ಎಲ್ಲೋ ಒಂದು ಕಡೆ ಇತ್ತು ಎಂದಷ್ಟೇ ಹೇಳುತ್ತೇನೆ. ಸೋಂಕಿನ ಮೂರನೆಯ ಅಲೆಯ ಕಾಲ. ದಿನಕ್ಕೆ ಐವತ್ತು ಜನರ ಗಂಟಲು ಮೂಗು ಒರೆಸಿ, ಹತ್ತಿ ಸುತ್ತಿದ ಕಡ್ಡಿಗಳನ್ನು ಗುಲಾಬಿ ದ್ರವದ ಪುಟ್ಟ ಕೊಳವೆಗಳಲ್ಲಿಟ್ಟು, ಐಸ್ ಬಾಕ್ಸಿನಲ್ಲಿ ಹಾಸನಕ್ಕೆ ಕಳಿಸಬೇಕೆಂದು ಮೇಲಿನಿಂದ ಆಜ್ಞೆ. ಗಾಡಿ ಹೊರಡುವುದು ಸಂಜೆ ನಾಲ್ಕಕ್ಕೆ. ಐವತ್ತು ಜನ ಎಲ್ಲಿಂದ ಬರಬೇಕು? ಊರವರಿಗೆ ಎರಡು ಅಲೆಗಳಲ್ಲಿ ಬುದ್ಧಿ ಬಂದಿತ್ತು. ಕೆಮ್ಮು ಬಂದರೆ ಕಷಾಯ ಕುಡಿದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಮ್ಮ ಬಿಳಿ ಕೋಟು ಬೀದಿಯ ತುದಿಯಲ್ಲಿ ಕಂಡರೆ ಹಿತ್ತಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರು. ದಿನಾ ಸಂಜೆ ವಿಡಿಯೋ ಸಭೆ. ಐವತ್ತಕ್ಕೆ ಕಡಿಮೆಯಾದ ವೈದ್ಯಾಧಿಕಾರಿಗೆ ಜಿಲ್ಲೆಯೆಲ್ಲ ಕೇಳುವ ಹಾಗೆ ಮಂಗಳಾರತಿ. ರೋಗ ಯಾರಿಗಿದೆ ಎಂದು ಆ ಸಭೆಯಲ್ಲಿ ಯಾರೂ ಕೇಳಿದ್ದನ್ನು ನಾನು ಕೇಳಲಿಲ್ಲ.

ನಮ್ಮ ವೈದ್ಯಾಧಿಕಾರಿ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ಒಂದು ಮಧ್ಯಾಹ್ನ ಮೂರೂವರೆಗೆ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು.

“ಇನ್ನೂ ಏಳು ಬೇಕು ಸರ್. ಲಸಿಕೆ ಪಟ್ಟೀಲಿ ಹೆಸರಿದಾವಲ್ಲ, ಏಳು ತಗೊಳ್ಳಿ. ಕಡ್ಡಿ ನಮ್ಮೋರ್ದೇ ಯಾರ್ದಾದ್ರೂ ಹಾಕಿ. ಆರೋಗ್ಯವಂತರ ಮೂಗು, ನೆಗೆಟಿವ್ ಬರುತ್ತೆ. ಯಾರಿಗೇನು ನಷ್ಟ?”

ನಷ್ಟ ಏನೆಂದು ಹೇಳಲು ನನಗೆ ಇಪ್ಪತ್ತೆಂಟು ವರ್ಷದ ಅನುಭವವಿತ್ತು. ಆದರೂ ಪೆನ್ನು ತೆಗೆದೆ.

ಮೂಗು ಕೊಟ್ಟವನು ನಮ್ಮ ಅಟೆಂಡರ್. ಐವತ್ತರ ಹತ್ತಿರದವನು, ಹೊರಗುತ್ತಿಗೆ ನೌಕರ. ಅಂದರೆ ಕೆಲಸ ಸರ್ಕಾರದ್ದು, ಅವನು ಮಾತ್ರ ಸರ್ಕಾರದವನಲ್ಲ. ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ನೆಲ ಒರೆಸುವುದು, ಐಸ್ ಬಾಕ್ಸ್ ತೊಳೆಯುವುದು, ಹೆದರಿದ ಮುದುಕಿಯರ ಕೈ ಹಿಡಿದುಕೊಳ್ಳುವುದು, ಎಲ್ಲ ಅವನೇ. ಸ್ಟೂಲಿನ ಮೇಲೆ ಕೂತು ತಲೆ ಹಿಂದಕ್ಕೆ ಹಾಕಿ ಹೇಳಿದ:

“ಹಾಕಿ ಸಾ. ನಮ್ಮೂರ್ ಗುಡೀಲಿ ಮೂಗ್ ಮುರ್ದಿರೋ ವಿಗ್ರಹಗಳ್ನ ದುಡ್ ಕೊಟ್ ನೋಡ್ತಾರೆ. ನಂದು ಪೂರ್ತಿ ಐತೆ, ಸರ್ಕಾರಕ್ಕೆ ಬಿಟ್ಟಿ.”

ಹೀಗೆ ಶುರುವಾದದ್ದು ಪದ್ಧತಿಯಾಯಿತು. ಕೊರತೆ ಬಿದ್ದ ದಿನವೆಲ್ಲ ಅವನು ಸ್ಟೂಲು ಎಳೆದುಕೊಂಡು ಕೂರುವನು. ನಾನು ಕೊಳವೆಗಳ ಮೇಲೆ ಹುಲಿಕೆರೆಯ ಒಬ್ಬ ಗೃಹಿಣಿ, ಅರೇಹಳ್ಳಿ ಕಡೆಯ ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ಒಬ್ಬ ರೈಟರು, ಬೇಲೂರಿನ ಒಬ್ಬ ನಿವೃತ್ತ ಮೇಷ್ಟರು ಎಂದು ನನ್ನ ಪ್ರಸಿದ್ಧವಾದ ದುಂಡು ಅಕ್ಷರದಲ್ಲಿ ಬರೆಯುವೆನು. ಅವನ ಫಲಿತಾಂಶ ಪ್ರತಿಸಲ ನೆಗೆಟಿವ್. ಊರುಗಳು ಆರೋಗ್ಯವಾಗಿದ್ದವು. ವೈದ್ಯಾಧಿಕಾರಿಗಳಿಗೆ ಒಂದು ಸಭೆಯಲ್ಲಿ ಶಹಬ್ಬಾಸ್ ಕೂಡ ಸಿಕ್ಕಿತು.

ಒಂದು ದಿನ ಏಳನೆಯ ಕಡ್ಡಿ ಹಾಕುವಾಗ ಅವನು ಸೀನಿದ.

“ಧೂಳು ಸಾ,” ಅಂದ. ಧೂಳೇ ಇರಬೇಕೆಂದು ನಾವಿಬ್ಬರೂ ಏಕಾಭಿಪ್ರಾಯಕ್ಕೆ ಬಂದೆವು.

ಎರಡನೆಯ ದಿನ ಏಳೂ ಪಾಸಿಟಿವ್. ಅಷ್ಟರಲ್ಲಿ ಅವನಿಗೆ ಜ್ವರ. ನನ್ನ ಕೋಣೆಯ ಬಾಗಿಲಾಚೆ, ಮಾಸ್ಕಿನ ಮೇಲೆ ಟವೆಲು ಸುತ್ತಿಕೊಂಡು ನಿಂತಿದ್ದ.

“ಅಂದ್ರೆ ನಂಗ್ ಬಂದೈತೆ ಅಂತಾಯ್ತು, ಅಲ್ವಾ ಸಾ?”

“ಬಂದಿದೆ ಕಣಯ್ಯ. ಏಳು ಸಲ.”

ಅವನು ನಗಲಿಲ್ಲ. “ಮನೇಲಿ ಮಗಳು ಬಾಣಂತಿ ಅವ್ಳೆ ಸಾ. ಮಗಿಗೆ ಇಪ್ಪತ್ ದಿನ ಆಗಿಲ್ಲ. ಇರೋದು ಒಂದೇ ಕ್ವಾಣೆ. ನಾನು ಊರಿಗ್ ಹೋಗಲ್ಲ. ನನ್ ಹೆಸ್ರಲ್ಲಿ ಒಂದು ರಿಪೋರ್ಟ್ ಬರ್ಸ್‌ಕೊಡಿ, ಹಾಸ್ಟೆಲ್‌ಗೆ ಹೋಗಿ ಮಲೀಕತೀನಿ.”

ವಿದ್ಯಾರ್ಥಿಗಳ ಹಾಸ್ಟೆಲ್ಲನ್ನು ಆಗ ಸೋಂಕಿತರ ಆರೈಕೆ ಕೇಂದ್ರ ಮಾಡಿದ್ದರು. ಹಾಸಿಗೆ, ಊಟ, ನರ್ಸು ಎಲ್ಲ ಇತ್ತು. ಒಳಗೆ ಬಿಡಲು ಪಾಸಿಟಿವ್ ವರದಿಯ ನಂಬರು ಬೇಕು. ರಜೆಗೂ ಅದೇ ನಂಬರು ಬೇಕು. ಇಲ್ಲದಿದ್ದರೆ ಗೈರುಹಾಜರಿ, ಹೊರಗುತ್ತಿಗೆಯವನಿಗೆ ಗೈರುಹಾಜರಿ ಎಂದರೆ ಮನೆ. ಏಳು ಜನರಿಗೆ ಉದಾರವಾಗಿ ಪಾಸಿಟಿವ್ ಹಂಚಿದ ಆಸಾಮಿಗೆ ತನ್ನದೆಂಬ ಒಂದು ಪಾಸಿಟಿವ್ ಇರಲಿಲ್ಲ.

ವೈದ್ಯಾಧಿಕಾರಿಗಳ ಬಳಿ ಹೋದೆ. ಅವರ ಮುಖ ಸುಣ್ಣದಂತಾಗಿತ್ತು.

“ಈಗ ಬೇಡ ಸರ್. ಹಾಸನದಲ್ಲಿ ಅನುಮಾನ ಬಂದಿದೆ, ಇದು ಹೊಸ ತಳಿ ಇರಬೌದು ಅಂತ ಏಳನ್ನೂ ಬೆಂಗಳೂರಿಗೆ ಕಳಿಸಿದಾರೆ. ಇವನ ಹೆಸರಲ್ಲಿ ಎಂಟನೇದು ಹೋಯ್ತು ಅಂದ್ರೆ, ಆಸ್ಪತ್ರೆಗೂ ಇವರಿಗೂ ಏನು ಸಂಬಂಧ ಅಂತ ಕೇಳ್ತಾರೆ. ನಾಲ್ಕು ದಿನ ತಡ್ಕೊಳಕ್ಕೆ ಹೇಳಿ.”

“ಬೆಂಗಳೂರಲ್ಲಿ ಗೊತ್ತಾಗೋಕೆ ತಿಂಗಳು ಬೇಕಲ್ಲ?”

“ಈಗ ಎರಡೇ ದಿನ ಅಂತೆ ಸರ್. ಹೊಸ ಯಂತ್ರ.”

ಹೌದು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಎರಡು ದಿನಕ್ಕೆ ಇಳಿಸಿದ್ದರು. ವೈರಾಣುವಿನ ಒಡಲಲ್ಲಿರುವ ಅಕ್ಷರಗಳನ್ನು ಸಾಲಾಗಿ ಓದಿ, ಹಳೆಯದಕ್ಕೂ ಇದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಎಂದು ಹೇಳಿಬಿಡುವ ವಿದ್ಯೆ. ಆ ವಿದ್ಯೆಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ. ಹಗಲೂ ರಾತ್ರಿ ಕೂತು ಅದನ್ನು ಕಟ್ಟಿದವರ ಬುದ್ಧಿ ದೊಡ್ಡದು. ಅದರ ಬಾಯಿಗೆ ನಾವು ಹಾಕಿದ್ದು ಏನು? ನಮ್ಮ ಅಟೆಂಡರನ ಒಂದು ಸೀನು, ಏಳು ಚೀಟಿ ಅಂಟಿಸಿ.

ಎರಡೇ ದಿನ. ಹೊಸ ರೂಪಾಂತರಿ ಹೌದೆಂದು ಖಚಿತವಾಯಿತು. ಏಳು ಊರು, ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧವಿಲ್ಲ, ಯಾರೂ ಊರು ಬಿಟ್ಟು ಹೋಗಿಲ್ಲ. ಆದ್ದರಿಂದ ಸಮುದಾಯದಲ್ಲೇ ಹರಡಿದೆ ಎಂದು ತೀರ್ಮಾನ. ಜೀಪುಗಳು ಹೊರಟವು. ಏಳು ಬೀದಿಗಳಿಗೆ ಬೊಂಬು ಕಟ್ಟಿದರು. ಮನೆಯವರ ಮೂಗು ಒರೆಸಲು ನಾನೂ ಹೋಗಬೇಕಾಯಿತು, ಅರೇಹಳ್ಳಿಯ ಕಡೆಗೆ.

ತೋಟದ ರೈಟರು ಕಾಫಿ ಕುಯ್ಲಿನ ಭರದಲ್ಲಿದ್ದರು. ಕಣದಲ್ಲಿ ಹಣ್ಣು ಹರವಿತ್ತು. ಜೀಪು ನೋಡಿ ಎದ್ದು ಬಂದರು, ಗುಂಡುಕಲ್ಲಿನಂಥ ಆಳು.

“ನನ್ ಮೂಗಿಗೆ ಕಡ್ಡಿ ಹಾಕಿದ್ದು ಯಾವಾಗ ಸ್ವಾಮಿ? ನಾನು ನಿಮ್ಮ ಆಸ್ಪತ್ರೆ ಮುಖನೇ ಕಂಡಿಲ್ಲ.”

ತಂಡದ ಅಧಿಕಾರಿ ಕಾಗದದಿಂದ ತಲೆ ಎತ್ತಲಿಲ್ಲ. “ಎಲ್ಲಾ ಪಾಸಿಟಿವ್‌ನೋರೂ ಹಿಂಗೇ ಅನ್ನೋದು. ಮರೆವೂ ಇದರ ಲಕ್ಷಣನೇ. ಹತ್ತಿ ಗಾಡಿ.”

“ಕುಯ್ಲು ಯಾರ್ರೀ ನೋಡ್ಕೊಳ್ಳೋರು? ಇಲ್ಲಿ ಕೇಳಿ, ಇವ್ರು ಅದೇ ಆಸ್ಪತ್ರೆಯೋರಲ್ವಾ? ಸ್ವಾಮಿ, ನೀವು ದೊಡ್ಡೋರು, ಹೇಳಿ. ನನ್ನ ಯಾವತ್ತಾದ್ರೂ ನೋಡಿದೀರಾ?”

ನಾನು ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ. ಸೋಂಕು ತಡೆಯಲೂ ಅಷ್ಟು ಶ್ರದ್ಧೆಯಿಂದ ನಾನು ಎಂದೂ ಮಾಸ್ಕು ಧರಿಸಿದವನಲ್ಲ.

ಏಳು ಜನ ಆರೋಗ್ಯವಂತರನ್ನು ಹಾಸ್ಟೆಲ್ಲಿಗೆ ಸೇರಿಸಿದರು. ರೋಗಿಯನ್ನು ನಾವು ಆಸ್ಪತ್ರೆಯ ಉಗ್ರಾಣದಲ್ಲಿ, ಸುಣ್ಣದ ಪುಡಿಯ ಚೀಲಗಳ ಪಕ್ಕ, ಹಳೆಯ ಸ್ಟ್ರೆಚರಿನ ಮೇಲೆ ಮಲಗಿಸಿದ್ದೆವು. ಹಾಜರಿ ಪುಸ್ತಕಕ್ಕೆ ಬೆಳಿಗ್ಗೆ ಎದ್ದು ಬಂದು ಸಹಿ ಹಾಕಿ ಮತ್ತೆ ಹೋಗಿ ಮಲಗುತ್ತಿದ್ದ. ಕಾಯಿಲೆಯಾಗಿರಲು ಅವನ ಬಳಿ ದಾಖಲೆಯಿರಲಿಲ್ಲವಲ್ಲ. ನಾನು ಮನೆಯಿಂದ ಗಂಜಿ ಒಯ್ಯುತ್ತಿದ್ದೆ. ಅರೇಹಳ್ಳಿಯಿಂದ ಬಂದ ದಿನ ಬಾಗಿಲಲ್ಲಿ ನಿಂತು ಹೇಗಿದ್ದೀಯ ಎಂದೆ. ಮೇಲುಸಿರು ಬಿಡುತ್ತ ಕೇಳಿದ:

“ಹಾಸ್ಟೆಲ್ಲಾಗೆ ನಮ್ಮೋರ್ಗೆಲ್ಲ ಊಟ ಚೆನ್ನಾಗ್ ಕೊಡ್ತಾವ್ರಾ ಸಾ?”

‘ನಮ್ಮೋರು’ ಎಂದರೆ ಆ ಏಳು ಜನ. ನನಗೆ ಬಂದ ಸಿಟ್ಟು ಅವನ ಮೇಲಲ್ಲ. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ; ಪಾತ್ರೆಯನ್ನು ಕುಕ್ಕಿದ್ದಕ್ಕೆ ಮುಚ್ಚಳ ಉರುಳಿ ಗೋಡೆಗೆ ಹೋಗಿ ಬಡಿಯಿತು.

ಅದಾಗಿ ನಾಲ್ಕು ದಿನಕ್ಕೆ, ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು. ಬೆಂಗಳೂರಿನ ಪ್ರಯೋಗಶಾಲೆಯಿಂದ ಒಬ್ಬ ಹೆಣ್ಣುಮಗಳು. ಮಾದರಿ ತೆಗೆದವರ ನಂಬರು ನಮೂನೆಯಲ್ಲಿರುತ್ತದಲ್ಲ, ಹಾಗಾಗಿ ನನಗೇ.

“ಸರ್, ಒಂದು ವಿಷಯ ಅರ್ಥ ಆಗ್ತಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತೆ. ನಿಮ್ಮ ಏಳರಲ್ಲೂ ಒಂದಕ್ಷರ ವ್ಯತ್ಯಾಸ ಇಲ್ಲ. ವೈರಸ್ ಪ್ರಮಾಣ ಕೂಡ ಒಂದೇ. ಏಳು ಜನರನ್ನೂ ಭೇಟಿ ಮಾಡಿದ ಒಬ್ಬರು ಯಾರಾದ್ರೂ ಇರಲೇಬೇಕು. ಅವರು ಸಿಕ್ಕಿದ್ರೆ ನಮಗೆ ತುಂಬಾ ಉಪಕಾರ. ಯಾರಾದ್ರೂ ನೆನಪಿಗೆ ಬರ್ತಾರಾ?”

ನೆನಪಿಗೆ ಬರುವುದೇನು, ಉಗ್ರಾಣದಿಂದ ಅವನ ಕೆಮ್ಮು ಕೇಳುತ್ತಿತ್ತು. ಬೊಂಬು ಕಟ್ಟಿದ ಬೀದಿಗಳಾಗಲಿ, ವಿಜ್ಞಾನವಾಗಲಿ ನನ್ನ ಬಾಯಿ ಬಿಡಿಸಲಿಲ್ಲ ಎಂದು ನಾಚಿಕೆಯಿಂದಲೇ ಬರೆಯುತ್ತೇನೆ. ಬಿಡಿಸಿದ್ದು ಆ ಕೆಮ್ಮು.

“ಏಳು ಜನರೂ ಒಬ್ಬರೇ ಕಣಮ್ಮ,” ಅಂದೆ. ಎಲ್ಲ ಹೇಳಿದೆ. ಗುರಿ, ಸ್ಟೂಲು, ನನ್ನ ದುಂಡು ಅಕ್ಷರ, ಎಲ್ಲ.

ಆ ಕಡೆಯಿಂದ ಅವಳು ಮೆಲ್ಲಗೆ ಕೇಳಿದಳು: “ನಿಮ್ದು ಎಷ್ಟು ವರ್ಷದ ಸರ್ವೀಸು ಸರ್?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅವರು ಹೇಗಿದಾರೆ ಈಗ?” ಎಂದು ಮತ್ತೆ ಅವಳೇ ಕೇಳಿದಳು. ಇಡೀ ಪ್ರಕರಣದಲ್ಲಿ ಆ ಪ್ರಶ್ನೆ ಕೇಳಿದ ಏಕೈಕ ಅಧಿಕೃತ ವ್ಯಕ್ತಿ ಅವಳು. “ಇವತ್ತೇ ಅವರ ಹೆಸರಲ್ಲಿ ಸ್ಯಾಂಪಲ್ ತೆಗೀರಿ. ಅವರದೇ ಹೆಸರಲ್ಲಿ.”

ತೆಗೆದೆ. ಉಗ್ರಾಣದಲ್ಲೇ, ಸ್ಟ್ರೆಚರಿನ ಮೇಲೆ. ಕೊಳವೆಯ ಮೇಲೆ ಅವನ ಹೆಸರು ಬರೆಯುವಾಗ, ಇಷ್ಟು ವರ್ಷ ಕರೆಯುತ್ತಿದ್ದ ಆ ಹೆಸರನ್ನು ಮೊದಲ ಸಲ ಬರೆಯುತ್ತಿದ್ದೇನೆಂದು ಹೊಳೆಯಿತು. ಮಾದರಿ ಸಂಜೆಯ ಗಾಡಿಗೆ ಹೋಯಿತು. ವಿಷಯವೂ ಅಷ್ಟೇ ವೇಗವಾಗಿ ಮೇಲಕ್ಕೆ ಹೋಯಿತು.

ವಿಚಾರಣೆಗೆ ಮೂವರು ಬಂದರು. ಮೇಜಿನ ಮೇಲೆ ಬಿಸ್ಕತ್ತು, ಟೀ. ಐವತ್ತರ ಗುರಿಯ ವಿಷಯ ನಾನು ಎತ್ತಿದಾಗಲೆಲ್ಲ, “ಅದು ಈ ವಿಚಾರಣೆಯ ವ್ಯಾಪ್ತಿಗೆ ಬರೋದಿಲ್ಲ” ಅಂದರು. ವ್ಯಾಪ್ತಿಗೆ ಬಂದದ್ದು ಮೂಗು ಮಾತ್ರ. ಹಾಸ್ಟೆಲ್ಲಿನ ಏಳು ಜನರನ್ನು ಸದ್ದಿಲ್ಲದೆ ಮನೆಗೆ ಕಳಿಸಿ ಬೊಂಬು ಬಿಚ್ಚಿಸಿದರು; ಕಡತದಲ್ಲಿದ್ದ ಏಳು ಹೆಸರುಗಳನ್ನು ಮಾತ್ರ ಯಾರೂ ತಿದ್ದಲಿಲ್ಲ. ವೈದ್ಯಾಧಿಕಾರಿಗಳಿಗೆ ವರ್ಗವಾಯಿತು. ನನಗೆ ಛೀಮಾರಿ, ಒಂದು ಬಡ್ತಿ ತಡೆ. ಇನ್ನೂ ಹೆಚ್ಚು ಸಿಗಬೇಕಿತ್ತು, ಸಿಗಲಿಲ್ಲ. ಅಟೆಂಡರನಿಗೆ ಸಿಕ್ಕಿದ ಕಾಗದದಲ್ಲಿ ಹೀಗಿತ್ತು: ಸದರಿ ನೌಕರನು ಅನ್ಯರ ಹೆಸರಿನಲ್ಲಿ ತನ್ನ ಮಾದರಿಯನ್ನು ನೀಡಿ ಇಲಾಖೆಯ ದಾರಿ ತಪ್ಪಿಸಿರುವುದರಿಂದ ಆತನ ಸೇವೆಯನ್ನು ಕೊನೆಗೊಳಿಸಿದೆ. ತಲೆ ಹಿಂದಕ್ಕೆ ಹಾಕಿ ಕೂತವನು ದಾರಿ ತಪ್ಪಿಸಿದನಂತೆ. ಕಡ್ಡಿ ಹಾಕಿದ ಕೈ, ಹೆಸರು ಬರೆದ ಕೈ, ಸಂಖ್ಯೆ ಕೇಳಿದ ಬಾಯಿ, ಇವೆಲ್ಲ ದಾರಿ ತಪ್ಪಿದ ಅಮಾಯಕರು! ಆ ಕಾಗದವನ್ನು ಅವನಿಗೆ ಓದಿ ಹೇಳುವ ಕೆಲಸವನ್ನೂ ನನಗೇ ವಹಿಸಿದರು.

ಓದಿದೆ. ಅವನು ಸೊರಗಿದ್ದ, ಆದರೆ ಜ್ವರ ಬಿಟ್ಟು ನಾಲ್ಕು ದಿನವಾಗಿತ್ತು. ಪೂರ್ತಿ ಕೇಳಿಸಿಕೊಂಡು, “ಅದಿರ್ಲಿ ಸಾ, ನನ್ ರಿಪೋರ್ಟ್ ಬಂತಾ?” ಅಂದ.

ಬಂದಿತ್ತು. ಅಷ್ಟು ದಿನ ಅಂಗಲಾಚಿ, ಕೊನೆಗೆ ಅವನದೇ ಹೆಸರಿನಲ್ಲಿ ಹೋದ ಮಾದರಿಯ ವರದಿ. ಮೈ ತನ್ನ ಪಾಡಿಗೆ ತಾನು ರೋಗವನ್ನು ಮುಗಿಸಿಕೊಂಡಿತ್ತು. ನೆಗೆಟಿವ್. ಅಂದರೆ ಅವನಿಗೆ ಕಾಯಿಲೆ ಬಂದೇ ಇರಲಿಲ್ಲ ಎಂಬುದಕ್ಕೆ ಈಗ ಮೊಹರು ಬಿದ್ದಂತಾಯಿತು. ಇದನ್ನು ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದರೆ, ಅವನು ಕಾಗದ ಇಸಕೊಂಡು ಬೆರಳಿಟ್ಟು ಕೇಳಿದ:

“ಇದೇ ಅಲ್ವಾ ನನ್ ಹೆಸ್ರು?”

“ಅದೇ ಕಣಯ್ಯ.”

“ಇಲ್ಲ ಅಂತ ಬಂದೈತಾ?”

“ಹೂಂ.”

“ಹಂಗಾರೆ ಮಗಿನ್ ಎತ್ಕಬೋದಾ ಸಾ?”

ಎತ್ತಿಕೊಳ್ಳಬಹುದು ಎಂದೆ. ಅವನು ಕೆಲಸ ಕಳೆದ ಕಾಗದವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟ. ವರದಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಹಾಕಿಕೊಂಡು, ಹಳೇಬೀಡಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟ. ಹೋಗುವ ಮುಂಚೆ, ಅಭ್ಯಾಸಬಲದಿಂದ, ಸ್ಟೂಲನ್ನು ಎತ್ತಿ ಅದರ ಜಾಗಕ್ಕೆ ಇಟ್ಟ.

ನಾನು ಆ ಸ್ಟೂಲನ್ನು ಒದ್ದೆ. ಕಾಲು ನೋವಾದದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ. ಮೂರೂವರೆಯಾಗಿತ್ತು. ಹೊಸ ವೈದ್ಯಾಧಿಕಾರಿಗಳು ಬಾಗಿಲಲ್ಲಿ ನಿಂತು, ಇವತ್ತಿಗೆ ಎಷ್ಟು ಕಡಿಮೆ ಇದೆ ಎಂದು ಕೇಳಿದರು.